ಏಳದ ದೋಣಿಗೆ ನಾಲ್ಕು ಮೂಟೆ ಮಣ್ಣು

ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಬಂದ ಲುಕ್ಷಾ, ಹಿತ್ತಲ ಬಾಗಿಲಲ್ಲಿ ಸಾಲಾಗಿ ಕೂತಿದ್ದ ನಾಲ್ಕು ಮೂಟೆ ಮಣ್ಣನ್ನು ನೋಡಿ ನಿಂತುಬಿಟ್ಟ. ಜರಡಿ ಹಿಡಿದು ಕತ್ತೆ ಗೊಬ್ಬರ ಬೆರೆಸಿದ ಕೆಂಪು ಮಣ್ಣು. ಪಕ್ಕದಲ್ಲಿ ಒಂದು ತಟ್ಟೆ ತುಂಬ ಬ್ಲಿತ್ವಾ ಸೊಪ್ಪಿನ ಸಸಿ.

"ಇದೆಲ್ಲ ಯಾತಕ್ಕೆ ಅತ್ತೆ?"

"ನಿನ್ನ ದೋಣಿಗೆ," ಎಂದಳು ಅತ್ತೆ ಶೋರ ಮಾಂದಾ, ತಲೆ ಎತ್ತದೆ. "ಈ ಕಲ್ಲು ದ್ವೀಪದಲ್ಲಿ ಅಷ್ಟು ಅಗಲದ ಪಾತಿ ಬೇರೆಲ್ಲಿ ಸಿಗುತ್ತೆ?"

ಆ ಊರಿನಲ್ಲಿ ಕೈಲಾಗದ ದೋಣಿಗಳಿಗೆ ಬರುವ ಗತಿ ಅದೇ. ಇಗರ್ಜಿಯ ಮುಂದೆ ಒಂದು ದೋಣಿ ಹೂಗಿಡ ಹೊತ್ತು ನಿಂತಿತ್ತು, ಅಂಚೆ ಕಚೇರಿಯ ಹಿಂದಿನದರಲ್ಲಿ ಈರುಳ್ಳಿ ಬೆಳೆದಿತ್ತು. ಆದರೆ ಲುಕ್ಷಾನ ದೋಣಿ ಊರಿಗೆ ಬಂದು ಮೂರೇ ತಿಂಗಳು. ಹಿಂದೆ ಎಂಟು ಕುದುರೆ ಶಕ್ತಿಯ ಎಂಜಿನ್. ಅವನೊಬ್ಬನೇ ಹೋದರೆ ಅದು ನೀರು ಬಿಟ್ಟು ಮೇಲೆದ್ದು, ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಜಾರುತ್ತಿತ್ತು. ಹೆಂಡತಿ ವಿಂಕಾ, ಅತ್ತೆ ಇಬ್ಬರೂ ಹತ್ತಿದರೆ ಮಾತ್ರ ಎಮ್ಮೆಯಂತೆ ನೀರಿನಲ್ಲೇ ಕೂರುತ್ತಿತ್ತು. ಹೋದ ಭಾನುವಾರ ಎದುರು ದ್ವೀಪದ ಕಾತಾ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೊರಟು, ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿದು, ಮುಟ್ಟುವಷ್ಟರಲ್ಲಿ ಸುಟ್ಟ ಮೀನಿನಲ್ಲಿ ಮುಳ್ಳಷ್ಟೇ ಉಳಿದಿತ್ತು. ಶೋರ ಮಾಂದಾ ಅದನ್ನು ಮರೆತಿರಲಿಲ್ಲ.

"ಕೇಳು. ಇವತ್ತೂ ಕಾತಾ ಮನೆ ಊಟಕ್ಕೆ ಹೋಗ್ಬೇಕು. ನಾನೂ ವಿಂಕಾನೂ ಕೂತಿರುವಾಗ ದೋಣಿ ಎದ್ದು ಓಡಿದ್ರೆ ನಾನು ಮಣ್ಣು ಮುಟ್ಟಲ್ಲ. ಇಲ್ಲ ಅಂದ್ರೆ ಸಂಜೆಗೆ ಸಸಿ ನೆಡೋದೇ."

"ಏಳುತ್ತೆ ಅತ್ತೆ. ನೋಡ್ತಿರಿ," ಎಂದ ಲುಕ್ಷಾ.

ಧಕ್ಕೆಯಲ್ಲಿ, ಊರೆಲ್ಲ ಬಾರ್ಬಾ ಅಂದರೆ ಚಿಕ್ಕಪ್ಪ ಎಂದು ಕರೆಯುವ ಹಿರಿಯ ವಿಚ್ಕೊ ಎಂದಿನಂತೆ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತಿದ್ದರು. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು, ಮಾತು ಮಾತ್ರ ಕಪ್ತಾನನದು. "ಎಂಜಿನ್ ಹಿಡಿಕೆ ಪೂರ್ತಿ ತಿರುವು, ತಾನೇ ಏಳುತ್ತೆ," ಎಂದು ಅಪ್ಪಣೆ ಕೊಟ್ಟರು.

ಲುಕ್ಷಾ ಪೂರ್ತಿ ತಿರುವಿದ. ದೋಣಿಯ ಮೂತಿ ಆಕಾಶಕ್ಕೆ ಹೋಯಿತು, ಹಿಂಭಾಗ ನೀರಿಗೆ ಇಳಿಯಿತು. ಮುಂದೆ ಕೂತ ಹೆಂಡತಿ ವಿಂಕಾ, ಚಿಕ್ಕಮ್ಮನಿಗೆಂದು ಮಾಡಿದ ಆಕ್ಟೋಪಸ್ ಪಾತ್ರೆಯನ್ನು ಎದೆಗವಚಿಕೊಂಡು, "ಲುಕ್ಷಾ, ನನಗೆ ಮೋಡ ಬಿಟ್ಟು ಬೇರೇನೂ ಕಾಣ್ತಿಲ್ಲ," ಎಂದಳು.

ವಾಪಸು ಧಕ್ಕೆಗೆ. "ಭಾರ ಇಳಿಸು," ಎಂದರು ಬಾರ್ಬಾ. ಲಂಗರು ಇಳಿಯಿತು, ಸರಪಳಿ ಇಳಿಯಿತು, ಐದು ಲೀಟರಿನ ವೈನ್ ಜಾಡಿಯೂ ಇಳಿಯಿತು. ಅದನ್ನು ಕಾಯುವ ಹೊಣೆ ಬಾರ್ಬಾ ತಾವೇ ಹೊತ್ತುಕೊಂಡರು. ದೋಣಿ ಆಗಲೂ ಏಳಲಿಲ್ಲ.

ಮತ್ತೆ ವಾಪಸು. "ಭಾರ ಮುಂದಕ್ಕೆ ಹಾಕು," ಎಂದರು ಬಾರ್ಬಾ, ಕೈಯಲ್ಲಿ ಲೋಟ. ಹೆಂಗಸರಿಬ್ಬರೂ ಮೂತಿಗೆ ಸರಿದರು. ಲುಕ್ಷಾ ಎಂಜಿನ್ನಿನ ಹಿಡಿಕೆ ಉದ್ದವಾಗಲೆಂದು ಅದಕ್ಕೊಂದು ಕೊಳವೆ ಸಿಕ್ಕಿಸಿ, ಆದಷ್ಟು ನಡುವಿಗೆ ಬಂದು ಕೂತು ತಿರುವಿದ. ಈ ಸಲ ದೋಣಿ ನಡುಗಿತು. ಮೂತಿ ಇಳಿಯಿತು. ಅಡಿಯಲ್ಲಿ ನೀರು ಪಟಪಟ ಬಡಿಯತೊಡಗಿತು. "ಏಳ್ತಿದೆ, ಏಳ್ತಿದೆ," ಎಂದು ಲುಕ್ಷಾ ಇನ್ನಷ್ಟು ಮುಂದಕ್ಕೆ ಬಗ್ಗಿದ. ಅಷ್ಟರಲ್ಲಿ ಅದು ನಿಟ್ಟುಸಿರುಬಿಟ್ಟಂತೆ ಮತ್ತೆ ಕುಸಿಯಿತು.

ಕೂದಲೆಳೆಯಷ್ಟು ಕಡಿಮೆ, ಅಷ್ಟೇ. ಲುಕ್ಷಾ ಅತ್ತೆಯ ಕಡೆ ನೋಡಿದ. "ಬೇಜಾರು ಮಾಡ್ಕೋಬೇಡಿ ಅತ್ತೆ, ನಿಮ್ಮ ತೂಕ ಎಷ್ಟು?"

"ಐವತ್ತೆರಡು. ಮದುವೆ ದಿನವೂ ಅಷ್ಟೇ, ಇವತ್ತೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ವಿಂಕಾ ಗಂಡನ ಹೊಟ್ಟೆಯ ಮೇಲೆ ಬಿಗಿದು ನಿಂತಿದ್ದ ಅಂಗಿಯ ಗುಂಡಿಗಳನ್ನೊಮ್ಮೆ ನೋಡಿದಳು.

ದಡದಿಂದ ಬಾರ್ಬಾ ಕೂಗಿದರು. "ಲೋ ಲುಕ್ಷಾ, ನೀನೂ ಮುಂದೆ ಹೋಗೋ."

ಮಾತು ನ್ಯಾಯವಾಗಿತ್ತು. ಆದರೆ ಎಂಜಿನ್ ಹಿಡಿಯುವವರು ಯಾರು? ವಿಂಕಾ ಪಾತ್ರೆ ಬಿಡಲು ಒಪ್ಪಲಿಲ್ಲ. ಲುಕ್ಷಾ ಅತ್ತೆಯನ್ನೇ ಹಿಂದಕ್ಕೆ ಕರೆದು ಕೂರಿಸಿ, ತನ್ನ ಮಣಿಕಟ್ಟಿನ ಕೆಂಪು ದಾರವನ್ನು ಬಿಚ್ಚಿ ಅವಳ ಕೈಗೆ ಕಟ್ಟಿದ.

"ಇದು ಎಂಜಿನ್ನಿಗೆ ಸಿಕ್ಕಿಸಿದ ದಾರ. ಹಿಡಿದವರು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತೆ."

"ನಾನ್ಯಾಕೆ ಬೀಳಲಿ?" ಎಂದಳು ಶೋರ ಮಾಂದಾ.

"ಮೆಲ್ಲಗೆ ತಿರುವಿ ಅತ್ತೆ. ನಾನು ಕೂರೋವರೆಗೂ..."

ನಲವತ್ತು ವರ್ಷ ಹಟಮಾರಿ ಕತ್ತೆಗಳನ್ನು ಗುಡ್ಡ ಹತ್ತಿಸಿದ ಕೈ ಅದು. ಮೆಲ್ಲಗೆ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ದೋಣಿ ಜಿಗಿಯಿತು. ನಡುವೆ ನಿಂತಿದ್ದ ಲುಕ್ಷಾ ಗಾಳಿಯನ್ನು ಎರಡು ಸಲ ಹಿಡಿಯಲು ನೋಡಿ, ಪಕ್ಕಕ್ಕೆ ದೊಪ್ಪನೆ ಬಿದ್ದ.

ನೀರಿನಿಂದ ತಲೆ ಎತ್ತಿದಾಗ ಎಂಜಿನ್ನಿನ ಸದ್ದು ದೂರವಾಗುತ್ತಿತ್ತು. ದಾರವಿದ್ದದ್ದು ಅತ್ತೆಯ ಕೈಯಲ್ಲಿ, ಅತ್ತೆ ಬಿದ್ದಿರಲಿಲ್ಲ. ಮತ್ತೆ ಅವನು ಕಂಡದ್ದೇನು? ದೋಣಿ ಎದ್ದಿತ್ತು. ನೀರನ್ನು ಪೂರ್ತಿ ಬಿಟ್ಟು, ಹಿಂದೊಂದು ಬಿಳಿ ಗೆರೆ ಎಳೆಯುತ್ತ ಹಾರುತ್ತಿತ್ತು. ಲುಕ್ಷಾನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ತಾನು ನೀರಿನಲ್ಲಿರುವುದನ್ನೇ ಮರೆತು, "ಎದ್ದಿತು ಬಾರ್ಬಾ, ಎದ್ದಿತು!" ಎಂದು ಕೂಗಿ, ಒಂದು ಬೊಗಸೆ ಉಪ್ಪುನೀರು ಕುಡಿದ.

ಅವನು ಈಜಿ ಧಕ್ಕೆ ಹತ್ತುವಷ್ಟರಲ್ಲಿ ಶೋರ ಮಾಂದಾ ಕೊಲ್ಲಿಯನ್ನು ಎರಡು ಸುತ್ತು ಹೊಡೆದು ಬಂದಿದ್ದಳು. ತಲೆವಸ್ತ್ರ ಕುತ್ತಿಗೆಗೆ ಜಾರಿತ್ತು, ಕೆನ್ನೆ ಕೆಂಪಾಗಿತ್ತು.

"ನೀವು ಹೇಳಿದ ಹಾಗೇ ಆಯ್ತಲ್ಲ ಅತ್ತೆ," ಎಂದ ಲುಕ್ಷಾ, ನೀರು ಸುರಿಸುತ್ತ.

"ಆಯ್ತಪ್ಪ. ಮಾತು ಅಂದ್ರೆ ಮಾತು. ಈ ದೋಣಿಗೆ ಒಂದು ಹಿಡಿ ಮಣ್ಣೂ ಹಾಕಲ್ಲ."

ಲುಕ್ಷಾ ಗೆದ್ದ ಮುಖದಲ್ಲಿ ಹತ್ತಲು ಕಾಲಿಟ್ಟ. ದೋಣಿ ಒಂದು ಗೇಣು ತಗ್ಗಿತು.

"ನೀವೆಲ್ಲಿಗೆ ಅಳಿಯಂದಿರೇ?" ಎಂದಳು ಅತ್ತೆ. "ನಾನೂ ವಿಂಕಾನೂ ಅಂದಿದ್ದೆ, ನಿನ್ನ ಹೆಸರು ಎತ್ತಿದ್ನಾ? ನೀನು ಹತ್ತಿದ್ರೆ ಇದು ಏಳಲ್ಲ. ಮೀನು ತಣ್ಣಗಾಗುತ್ತೆ. ವಿಚ್ಕೊ, ಜಾಡಿ ತಗೊಂಡು ಬಾ."

ಒಣಮೀನಿನಂತಿದ್ದ ಬಾರ್ಬಾ ವಿಚ್ಕೊ, ಅರ್ಧ ಹಗುರವಾಗಿದ್ದ ಜಾಡಿಯೊಂದಿಗೆ ಹತ್ತಿ ಕೂತರು. ವಿಂಕಾ ಪಾಪವೆನಿಸಿ ಗಂಡನ ಕೈಗೆ ಎರಡು ಆಕ್ಟೋಪಸ್ ತುಂಡು ಕೊಟ್ಟಳು.

"ಹಾಂ, ಸಸಿ ಬಾಡ್ತಿದೆ ಕಣೋ," ಎಂದಳು ಅತ್ತೆ, ಹಿಡಿಕೆ ತಿರುವುತ್ತ. "ಹಿತ್ತಲ ಗೋಡೆ ಪಕ್ಕದ ಕಲ್ಲು ಕಿತ್ತು ಪಾತಿ ಮಾಡಿಡು. ಹಾರೆ ಬಾಗಿಲ ಹಿಂದಿದೆ."

ಮಧ್ಯಾಹ್ನದ ಬಿಸಿಲಲ್ಲಿ ಲುಕ್ಷಾ ಏಳನೆಯ ಕಲ್ಲು ಕೀಳುತ್ತಿದ್ದಾಗ ಕೆಳಗಿನಿಂದ ಎಂಜಿನ್ನಿನ ಸದ್ದು ಕೇಳಿತು. ಹಾರೆ ಬಿಟ್ಟು ಗೋಡೆಯ ಮೇಲಿಂದ ಇಣುಕಿದ. ದೋಣಿ ಮೂವರನ್ನು ಹೊತ್ತು ಕೊಲ್ಲಿಯ ಉದ್ದಕ್ಕೂ ಹಾರುತ್ತಿತ್ತು. ಎಷ್ಟು ಚೆನ್ನಾಗಿ ಏಳುತ್ತದೆ ಎಂದು ಅವನ ಕಣ್ಣು ತುಂಬಿಬಂತು.

ಪಕ್ಕದ ಮನೆಯಾಕೆಯೂ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. "ಏನು ಓಟ ಅದು ಲುಕ್ಷಾ. ಯಾರದು ಆ ದೋಣಿ?"

ಲುಕ್ಷಾ ಹಾರೆ ಎತ್ತಿಕೊಂಡ.

"ನಮ್ಮತ್ತೇದು," ಎಂದ.