ಮಾಜಿ ಪ್ರಧಾನರ ರಾಜಕೀಯ

ಅಮೃತೇಶನ ಅಂದಿನ ಪಾಡಿಗೆಲ್ಲ ಕಾರಣ ಒಂದೇ ಒಂದು ಪ್ರಶ್ನೆ.

ಅವನು ನಂಜನಗೂಡಿನ ಬ್ಯಾಂಕೊಂದರಲ್ಲಿ ಆಫೀಸರು. ಬೆಳಿಗ್ಗೆ ಹೆಡ್ ಆಫೀಸಿನಿಂದ ಮೇಲ್ ಬಂದಿತ್ತು. ಅಕ್ರಮ ಹಣ ವರ್ಗಾವಣೆ ತಡೆಯುವ ಕಾನೂನಿನಂತೆ, ರಾಜಕೀಯದ ನಂಟಿರುವ ಗ್ರಾಹಕರನ್ನು ಗುರುತಿಸಿ ಸಂಜೆಯೊಳಗೆ ವರದಿ ಕೊಡಬೇಕು. "ಬಂದವರನ್ನೆಲ್ಲ ಮೆತ್ತಗೆ ಕೇಳಿಬಿಡಿ, ಯಾರಿಗೂ ಬೇಜಾರಾಗಬಾರ್ದು" ಎಂದು ಮ್ಯಾನೇಜರ್ ನಂದಿತಾ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡರು.

ಮೊದಲು ಸಿಕ್ಕಿದವನು ಹೆಮ್ಮರಗಾಲದ ಮರಿಯಯ್ಯ. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದ ಮುದುಕ.

"ತಪ್ಪು ತಿಳೀಬೇಡಿ ಮರಿಯಯ್ಯನೋರೇ. ನೀವಾಗಲಿ ನಿಮ್ಮನೇವ್ರಾಗಲಿ ರಾಜಕೀಯದಲ್ಲಿ ಇದ್ದೀರಾ?"

ಮರಿಯಯ್ಯನ ಬೆನ್ನು ನೆಟ್ಟಗಾಯಿತು. ಮುಖ ನೀರು ಚಿಮುಕಿಸಿದ ವೀಳ್ಯದೆಲೆಯ ಹಾಗೆ ಅರಳಿತು.

"ಇದ್ದೀರಾ ಅಂತ ಕೇಳ್ತೀರಲ್ಲ ಸಾ! ಮಂಡಲ ಪಂಚಾಯ್ತಿ ಇದ್ದಾಗ ಅದ್ರ ಪ್ರಧಾನ, ಅಂದ್ರೆ ಅಧ್ಯಕ್ಷ, ನಾನೇಯಾ. ಇಷ್ಟು ವರ್ಸಕ್ಕಾದ್ರೂ ಸರ್ಕಾರ ಗ್ಯಾಪಕ ಮಾಡ್ಕತಲ್ಲ!"

"ಸರ್ಕಾರ ಅಲ್ಲ, ಬ್ಯಾಂಕು…"

ಅದು ಅವನ ಕಿವಿಗೆ ಬೀಳಲಿಲ್ಲ. ಮರಿಯಯ್ಯ ಆಗಲೇ ಆ ಕಾಲಕ್ಕೆ ಹೊರಟುಹೋಗಿದ್ದ. ಬಾಡಿಗೆ ಜೀಪು, ಅದರ ನೆತ್ತಿಗೆ ಕಟ್ಟಿದ ಮೈಕು, ಪಾಂಪ್ಲೆಟ್ಟಿಗಾಗಿ ದೂಳು ಕುಡಿಯುತ್ತ ಹಿಂದೆ ಓಡುವ ಮಕ್ಕಳು. ಚಿಕ್ಕಯ್ಯನಛತ್ರದ ಹೋಟೆಲಿನಲ್ಲಿ ಎರಡೂ ಪಾರ್ಟಿಯವರು ಒಂದೇ ಬೆಂಚಿನಲ್ಲಿ ಕೂತು ಇಡ್ಲಿ ತಿಂದು, ಕೈ ತೊಳೆದ ಮೇಲೆ ಬೈದಾಡುತ್ತಿದ್ದುದು.

"ಗೆದ್ದಾಗ ಮೇಲ್ಗಡೆ ಬೀದಿಯೋರೂ ಬಂದು ನಂಗೆ ಆರ ಆಕುದ್ರು ಸಾ. ಅವತ್ತೇ ಮೊದ್ಲು" ಎನ್ನುತ್ತ ಅವನು ಕೊರಳು ಮುಟ್ಟಿಕೊಂಡ.

ಅಮೃತೇಶನಿಗೂ ಅಜ್ಜನ ಹೆಗಲ ಮೇಲೆ ಕೂತು ಕೇಳಿದ ಮೈಕಿನ ಸದ್ದು ನೆನಪಾಯಿತು. ಕ್ಯೂ ಬಾಗಿಲು ದಾಟಿದ್ದು ಗೊತ್ತಾಗಲೇ ಇಲ್ಲ.

"ಮನೇಲಿ ಬೇರೆ ಯಾರಾದ್ರೂ?"

"ಯಾರೂ ಇಲ್ಲ ಸಾ. ರಾಜಕೀಯ ನನ್ ಕಾಲಕ್ಕೇ ಮುಗೀತು."

ಹಿಂದೆ ನಿಂತಿದ್ದ ಅದೇ ಊರಿನ ಶಿವಸ್ವಾಮಿ ಮುಂದೆ ನುಗ್ಗಿದ. "ಇವನ ಎದುರು ನಿಂತು ಸೋತಿದ್ದು ನಾನು! ಗೆದ್ದೋರ ಹೆಸ್ರು ಮಾತ್ರ ಬರ್ಕತೀರೋ? ಸೋತೋರು ರಾಜಕೀಯದೋರಲ್ವೋ?"

ಸುದ್ದಿ ಬಸ್‌ಸ್ಟ್ಯಾಂಡಿಗೆ ಮುಟ್ಟಲು ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಪೋಸ್ಟರ್ ಅಂಟಿಸಿದವರು ಬಂದರು, ಜೀಪು ಓಡಿಸಿದ ದೇವಯ್ಯ ಬಂದ. ಯಾರೋ ಮೂಲೆಯಲ್ಲಿ ನಿಂತು ಹಳೆಯ ಘೋಷಣೆ ಕೂಗಿಯೇಬಿಟ್ಟರು. ನಂದಿತಾ ಗಾಬರಿಯಿಂದ ಹೊರಗೆ ಬಂದರು.

"ಏನ್ರೀ ಅಮೃತೇಶ್, ಬ್ಯಾಂಕಲ್ಲಿ ಟಿಕೆಟ್ ಹಂಚ್ತಿದ್ದೀರಾ?"

ಅವನು ಮೇಲ್ ತೋರಿಸಿದ. ಅವರು ಕಡೆಯವರೆಗೆ ಓದಿ ತಲೆ ಚಚ್ಚಿಕೊಂಡರು. "ಕೆಳಗೆ ನೋಡಿಲ್ವಾ? ಇದು ಹೊರದೇಶದ ರಾಜಕಾರಣಿಗಳಿಗೆ, ಅವರ ಮನೆಯವರಿಗೆ ಮಾತ್ರ!"

ಅಮೃತೇಶನಿಗೆ ಜೀವ ಬಂತು. ಬರೆದುಕೊಂಡ ಹೆಸರುಗಳನ್ನೆಲ್ಲ ಹೊಡೆದುಹಾಕಿದ. 'ನಾನೇ ಖುದ್ದಾಗಿ ವಿಚಾರಿಸಿದ್ದೇನೆ. ಅಂಥವರು ಇಲ್ಲಿ ಒಬ್ಬರೂ ಇಲ್ಲ' ಎಂದು ಸಹಿ ಮಾಡಿ ವರದಿ ಕಳಿಸಿದ.

ಅಷ್ಟರಲ್ಲಿ ಶಿವಸ್ವಾಮಿಯ ಫೋನು. "ಸಾ, ಸರ್ಕಾರ ಗ್ಯಾಪಕ ಮಾಡ್ಕಂಡದೆ ಅಂತ ಸಂಜೆ ಮರಿಯಯ್ಯಂಗೆ ಸನ್ಮಾನ ಇಟ್ಕಂಡಿದೀವಿ. ಏನೇ ಆದ್ರೂ ಊರಿನ ಮರ್ಯಾದೆ ಅಲ್ವಾ? ಆರ ಆಕೋಕೆ ನೀವೇ ಬರ್ಬೇಕು."

ನಿಜ ಹೇಳಿಬಿಡೋಣವೆಂದು ಅಮೃತೇಶ ಸ್ಕೂಟರ್ ಹತ್ತಿದ. ಹೆಮ್ಮರಗಾಲದಲ್ಲಿ ಜಗಲಿಗೆ ಜಮಖಾನ ಹಾಸಿತ್ತು. ಗರಿಗರಿ ಪಂಚೆಯುಟ್ಟ ಮರಿಯಯ್ಯ ಮದುವಣಿಗನ ಹಾಗೆ ಕೂತಿದ್ದ. ಬ್ಯಾಂಕು ಕೇಳಿದ್ದು ಹೊರದೇಶದ ರಾಜಕೀಯದವರನ್ನು ಮಾತ್ರ ಎಂದು ಅಮೃತೇಶ ತಡವರಿಸುತ್ತ ಹೇಳಿ ಮುಗಿಸಿದ. ಮುದುಕ ಪಂಚೆಯ ಅಂಚನ್ನು ಸುಮ್ಮನೆ ನೇವರಿಸಿದ. ಶಿವಸ್ವಾಮಿ ಕೂಡ ನಗಲಿಲ್ಲ.

ಕಾಫಿ ತಂದ ಮರಿಯಯ್ಯನ ಹೆಂಡತಿ ಚಲುವಮ್ಮ ನಡುವೆ ಬಾಯಿ ಹಾಕಿದಳು. "ಒರದೇಸದ ರಾಜಕೀಯ ಅಂದ್ರೆ, ನಮ್ ರೋಜಾಂದು ಇದ್ದಂಗಾ?"

"ರೋಜಾ ಯಾರಮ್ಮ?"

"ನಮ್ ಮಗ್ಳು ಕಣಪ್ಪ. ನರ್ಸ್ ಕೆಲ್ಸಕ್ಕೆ ಅದ್ಯಾವ್ದೋ ದ್ವೀಪಕ್ಕೆ ಒಂಟೋದ್ಲು. ಅಲ್ಲೇ ಮದ್ವೆ ಆಗಿ ಅಲ್ಲಿಯೋಳೇ ಆಗೋದ್ಲು. ಈಗ ಆ ದೇಸಕ್ಕೆ ಆರೋಗ್ಯ ಮಂತ್ರಿ."

ಕಾಫಿ ಅಮೃತೇಶನ ಪ್ಯಾಂಟಿನ ಮೇಲೆ ಬಿತ್ತು. "ಮರಿಯಯ್ಯನೋರೇ! ಬೆಳಿಗ್ಗೆ ಯಾರೂ ಇಲ್ಲ ಅಂದ್ರಲ್ಲ!"

"ಅದೂ ಒಂದು ರಾಜಕೀಯನಾ ಸಾ?" ಮರಿಯಯ್ಯನಿಗೆ ನಿಜಕ್ಕೂ ಆಶ್ಚರ್ಯ. "ಇಡೀ ದೇಸ ನಮ್ ಓಬಳಿ ಅಷ್ಟಿಲ್ವಂತೆ. ಜೀಪಿಲ್ಲ, ಮೈಕಿಲ್ಲ. ಗೆದ್ದಾಗ ಒಬ್ರೂ ಒಂದ್ ಆರ ಆಕ್ನಿಲ್ವಂತೆ!" ಸ್ವಲ್ಪ ತಡೆದು ಮೆಲ್ಲಗೆ ಕೇಳಿದ. "ಈಗ ಅವಳ ಅಪ್ಪ ಅಂತ ಬರ್ಕತೀರಾ? ಪ್ರಧಾನ ಅಂತ ಬರ್ಕಳಕ್ಕಾಗಲ್ವಾ?"

ಅಮೃತೇಶ ಪ್ಯಾಂಟು ಒರೆಸಿಕೊಳ್ಳುವಾಗ ಫೋನು ಹೊಡೆದುಕೊಂಡಿತು. ನಂದಿತಾ ಮೇಡಂ.

"ಕಂಗ್ರಾಟ್ಸ್ ಅಮೃತೇಶ್! ಇಷ್ಟು ಖಡಾಖಂಡಿತವಾಗಿ ಯಾವ ಬ್ರಾಂಚಿನೋರೂ ಬರೆದಿಲ್ಲವಂತೆ. ನಿಮ್ಮ ವರದಿ ಸೀದಾ ದೊಡ್ಡ ಸಾಹೇಬ್ರ ಟೇಬಲ್ಲಿಗೆ ಹೋಗಿದೆ. ನಾಳೆಯಿಂದ ತಿ. ನರಸೀಪುರದ ಬ್ರಾಂಚಿನ ವಿಚಾರಣೆಯೂ ನಿಮ್ಮದೇ."

"ನರಸೀಪುರದ್ದೂ ನಾನೇನಾ?" ಎನ್ನುವಷ್ಟರಲ್ಲಿ ಅವನ ಕೈಯಿಂದ ಫೋನು ಜಾರಿತು. ಮರಿಯಯ್ಯ ಅದನ್ನು ಎತ್ತಿಕೊಟ್ಟು, ಭುಜ ತಟ್ಟಿದ.

"ನರಸೀಪುರನಾ? ಧೈರ್ಯವಾಗಿ ಓಗಿ ಸಾ. ಅಲ್ಲಿ ನಮ್ ಕಾಲ್ದೋರು ಇನ್ನೂ ಬೇಜಾನ್ ಅವ್ರೆ."