ಗ್ರೂಪು ಬಿಟ್ಟು ಕೆಟ್ಟೆ!

ಸಂನ್ಯಾಸ ತೆಗೆದುಕೊಳ್ಳಲು ಹಿಮಾಲಯಕ್ಕೇ ಹೋಗಬೇಕೆಂದು ಯಾರು ಹೇಳಿದರು? ಉಪ್ಪಲ್‌ನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಫ್ಯಾನಿನ ಕೆಳಗೆ, ಲುಂಗಿ ಸುತ್ತಿಕೊಂಡು ಕುಳಿತಲ್ಲೇ ನಾನು ಸರ್ವಸಂಗ ಪರಿತ್ಯಾಗ ಮಾಡಿದೆ! ಮೊದಲು ನೌಕರಿ ಬಿಟ್ಟೆ, ಅದೂ ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ. ಮರುದಿನ ಫೇಸ್‌ಬುಕ್ ಬಿಟ್ಟೆ. ಅದರ ಮರುದಿನ ವಾಟ್ಸಾಪಿನ ಹದಿನೇಳು ಗ್ರೂಪುಗಳಿಂದ ಒಂದೊಂದಾಗಿ ಹೊರಬಿದ್ದೆ. ಸ್ಮಾರ್ಟ್ ಫೋನನ್ನು ಹೆಂಡತಿಯ ಕೈಗಿತ್ತು, ಗುಂಡಿ ಒತ್ತುವ ಹಳೆಯ ಫೋನನ್ನು ಜೇಬಿಗೆ ಇಳಿಸಿಕೊಂಡು, ಹಾಲ್‌ನ ನಡುವೆ ನಿಂತು ಘೋಷಿಸಿದೆ.

"ಕೇಳು ವಿಶಾಲಾಕ್ಷಿ! ಇವತ್ತಿಂದ ಗ್ರೂಪಿನ ಸುದ್ದಿ ಒಂದೂ ನನ್ನ ಕಿವಿಗೆ ಬೀಳಬಾರದು. ಯಾರು ಹಡದ್ರು, ಯಾರು ಕಾರ್ ತಗೊಂಡ್ರು, ಯಾರ ಕಾಲು ಮುರೀತು, ಏನೂ ಬ್ಯಾಡ. ಗ್ರೂಪಿನ್ಯಾಗ ಬಂದದ್ದು ಗ್ರೂಪಿನ್ಯಾಗ ಇರಬೇಕು!"

"ಖರೇನ?"

"ಈ ನರಹರಿ ಒಮ್ಮೆ ಹೇಳಿದ್ರ ಮುಗೀತು!"

"ಆತು ಬಿಡ್ರಿ" ಎಂದಳು.

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಕೆ ಇಷ್ಟು ಸುಲಭವಾಗಿ ಒಪ್ಪಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು!

ಏಕೆಂದರೆ ಅನುಮಾನ ಪಡುವುದಕ್ಕೇ ಸರ್ಕಾರ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟಿತ್ತು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆಯವನು. ನಟ್ಟು, ಬೋಲ್ಟು, ವಾಷರು ಹೊಳೆದಷ್ಟೂ ನನಗೆ ಸಂಶಯ. ಪಾಸಾದ ಮಾಲಿಗೆ ಹಸಿರು ಚೀಟಿ, ಫೇಲಾದದ್ದಕ್ಕೆ ಕೆಂಪು ಚೀಟಿ. ನೌಕರಿ ಬಿಟ್ಟ ಮೇಲೆ ತಪಾಸಣೆಗೆ ಉಳಿದದ್ದು ಮನೆಯೊಂದೇ. ಹಾಲಿನ ಪ್ಯಾಕೆಟ್ಟಿನ ತೂಕ ನೋಡಿದೆ. ತೊಗರಿಬೇಳೆಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ಕುಕ್ಕರಿನ ಸೀಟಿಗಳ ನಡುವಿನ ಅಂತರವನ್ನು ಗಡಿಯಾರ ಹಿಡಿದು ಅಳೆದೆ. ಹತ್ತನೆಯ ದಿನ ಹೆಂಡತಿ ಲಟ್ಟಣಿಗೆ ಹಿಡಿದೇ ಹೊರಬಂದಳು.

"ರೀ, ನೀವು ಆಫೀಸ್ ಬಿಟ್ಟೀರಿ, ಆಫೀಸ್ ನಿಮ್ಮನ್ನ ಬಿಟ್ಟಿಲ್ಲ ನೋಡ್ರಿ!"

ಇದಾದ ಮುಂದಿನ ಸೋಮವಾರ ಬೆಳಿಗ್ಗೆ ಆಕೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕಂದು ಬಣ್ಣದ ದೊಡ್ಡ ಲಕೋಟೆಯೊಂದನ್ನು ಎದೆಗವಚಿಕೊಂಡು ನನ್ನ ಮುಂದೆ ನಿಂತಳು.

"ರೀ, ನಿಮಗೊಂದು ಮಾತು ಹೇಳಬೇಕಿತ್ತು."

"ಗ್ರೂಪಿನ್ಯಾಗ ಹಾಕೀಯೇನು?"

"ಹೂಂ, ಈಗ ಹಾಕಿದೆ. ಆದ್ರ ನಿಮಗ..."

"ಮುಗೀತು! ಗ್ರೂಪಿನ ಮಾತು ನನ್ನ ಮುಂದ ಬ್ಯಾಡ!"

"ಆಮ್ಯಾಲ ಹೇಳಿಲ್ಲ ಅನಬ್ಯಾಡ್ರಿ ಮತ್ತ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬಂದದ್ದು ಸಂಜೆ ಆರಕ್ಕೆ. ಮಂಗಳವಾರವೂ ಹಾಗೇ. ಕೈಯಲ್ಲಿ ಊಟದ ಡಬ್ಬಿ ಬೇರೆ!

ಬುಧವಾರ ಬಾಗಿಲಿಗೆ ಅಡ್ಡ ನಿಂತೆ. "ಎಲ್ಲಿಗೆ ಹೊಂಟಿ?"

"ಗ್ರೂಪಿನ್ಯಾಗ ಐತಿ. ಹೇಳಲೇನು?"

ನೋಡಿ, ಎಂಥ ಇಕ್ಕಟ್ಟು! ಹೂಂ ಎಂದರೆ ನನ್ನ ಸಂನ್ಯಾಸ ಎರಡೇ ವಾರಕ್ಕೆ ಮಣ್ಣುಪಾಲು. "ಬ್ಯಾಡ! ನನಗ್ಯಾಕ ಬೇಕು?" ಎಂದು ಗತ್ತಿನಿಂದ ದಾರಿ ಬಿಟ್ಟೆ. ಆಕೆ ಲಿಫ್ಟ್ ಹತ್ತಿದ ಮರುಕ್ಷಣವೇ ಆಕೆಯ ಕಪಾಟು ತೆಗೆದೆ. ಟವೆಲ್ ಹುಡುಕುತ್ತಿದ್ದೆ ಎಂದು ಬರೆಯಬಹುದು. ಆದರೆ ಇದು ತಪ್ಪೊಪ್ಪಿಗೆ, ಸುಳ್ಳು ಬೇಡ. ಸೀರೆಗಳ ಅಡಿಯಲ್ಲಿ ಒಂದು ರಸೀದಿ ಸಿಕ್ಕಿತು. ರಕ್ತ ಪರೀಕ್ಷೆ. ಎದೆಯ ಎಕ್ಸ್‌ರೇ. ಹೆಸರು: ವಿಶಾಲಾಕ್ಷಿ. ವಯಸ್ಸು: ಐವತ್ತೊಂದು.

ನನ್ನ ಎದೆ ಧಸಕ್ಕೆಂದಿತು. ಭೂತಗನ್ನಡಿ ತಂದು ಇನ್ನೊಮ್ಮೆ ಓದಿದೆ.

ಹಾಲು ತರಲು ಹೊರಗೆ ಬಂದರೆ ಎದುರು ಫ್ಲ್ಯಾಟಿನ ಕೃಷ್ಣಾಬಾಯಿ ಬಾಗಿಲಲ್ಲೇ ಹಿಡಿದರು. ಬೀದರ್ ಕಡೆಯವರು, ನಮ್ಮ ಕನ್ನಡ ಗ್ರೂಪಿನ ಹಿರಿಯ ಸದಸ್ಯೆ. "ನಿಮ್ಮನಿಯವರ ಧೈರ್ಯಕ್ಕ ಕೈ ಮುಗೀಬೇಕ್ರಿ ನರಹರಿಯವರ! ಈ ವಯಸ್ಸಿನ್ಯಾಗ! ನಾ ಆಗಿದ್ರ ಅಂಜಿ ಮೂಲ್ಯಾಗ ಕುಂದರತಿದ್ದೆ. ಗ್ರೂಪಿನ್ಯಾಗ ಓದಿ ನನಗಂತೂ ಕಣ್ಣಾಗ ನೀರು ಬಂದ್ವು."

"ಹೂಂ..." ಎಂದೆ.

"ನಿಮಗೆಲ್ಲಾ ಗೊತ್ತೇ ಐತಲ್ಲ?"

"ಗಂಡಗ ಗೊತ್ತಿಲ್ಲದ್ದು ಇರತೈತೇನ್ರೀ!"

ಮನೆಗೆ ಬಂದು ಹಾಲಿನ ಪ್ಯಾಕೆಟ್ಟನ್ನು ಪುಸ್ತಕದ ಕಪಾಟಿನಲ್ಲಿಟ್ಟೆ.

ಕೇಳಬಹುದಿತ್ತಲ್ಲ ಎನ್ನುತ್ತೀರಾ? ಕೇಳಿದರೆ ಆಕೆ ಹೇಳಿಬಿಟ್ಟರೆ? ನಿಜ ಹೇಳುತ್ತೇನೆ, ಅಷ್ಟೊತ್ತಿಗೆ ಅಹಂಕಾರಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತು. ಆ ಸಂಜೆ ಆಕೆ ಬಂದು "ಕಾಲು ಭಾಳ ನೋಯಾಕತ್ತಾವ್ರಿ" ಎಂದು ಸೋಫಾದಲ್ಲಿ ಒರಗಿದಾಗ ಬಿಸಿನೀರು ಕಾಯಿಸಿ ಬಕೆಟ್ ತಂದಿಟ್ಟೆ. ಆಕೆ ನನ್ನನ್ನು ಅನುಮಾನದಿಂದ ನೋಡಿದಳು. "ಏನ್ರಿ, ಏನಾರ ಒಡದೀರೇನು ಅಡಗಿಮನ್ಯಾಗ?" ಎಂದು ಎದ್ದು ಹೋಗಿ ಗ್ಲಾಸುಗಳನ್ನು ಎಣಿಸಿ ಬಂದಳು.

ಗುರುವಾರ ಬೆಳಿಗ್ಗೆ ನಿರ್ಧರಿಸಿದೆ. ಬಾಯಿಂದ ಬೇಡ, ಕಣ್ಣಿಂದಲೇ ತಿಳಿಯುತ್ತೇನೆ! ಮೂವತ್ತೊಂದು ವರ್ಷದ ಅನುಭವ ಏನು ಹುಲ್ಲು ಮೇಯಲು ಹೋಗಿತ್ತೆ? ಆಕೆ ಹೊರಟ ಐದು ನಿಮಿಷಕ್ಕೆ ಮಾಸ್ಕ್, ಕಪ್ಪು ಕನ್ನಡಕ, ಮೇಲೆ ಮಂಕಿ ಕ್ಯಾಪ್ ಏರಿಸಿ ನಾನೂ ಹೊರಟೆ. ಹೈದರಾಬಾದಿನ ಏಪ್ರಿಲ್ ತಿಂಗಳಲ್ಲಿ ಮಂಕಿ ಕ್ಯಾಪ್! ಮೆಟ್ರೋ ಸ್ಟೇಷನ್ನಿನ ತಪಾಸಣೆಯವನು ನನ್ನನ್ನು ಎರಡು ಸಲ ತಡವಿದ. ಇರಲಿ, ಆತನೂ ನನ್ನ ಕುಲದವನೇ. ಆಕೆ ಹೆಂಗಸರ ಬೋಗಿಗೆ, ನಾನು ಹಿಂದಿನದಕ್ಕೆ. ಪರೇಡ್ ಗ್ರೌಂಡಿನಲ್ಲಿ ರೈಲು ಬದಲಿಸಿದಳು. ನಾರಾಯಣಗೂಡದಲ್ಲಿ ಇಳಿದಳು. ಎರಡು ಗಲ್ಲಿ ದಾಟಿ, ಮೂರಂತಸ್ತಿನ ಹಳದಿ ಕಟ್ಟಡವೊಂದರ ಗೇಟಿನೊಳಗೆ ಮಾಯವಾದಳು.

ಏನಿದು ಕಟ್ಟಡ? ಬೋರ್ಡು ಕಾಣದಂತೆ ಯಾವುದೋ ಕೋಚಿಂಗ್ ಸೆಂಟರಿನ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಎದುರಿನ ಇರಾನಿ ಚಹಾದಂಗಡಿಯಲ್ಲಿ ಠಿಕಾಣಿ ಹೂಡಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗಿಯರು ಹೊರಬರತೊಡಗಿದರು. ಬಿಳಿಚಿಕೊಂಡ ಮುಖ. ಕಣ್ಣಿನ ಸುತ್ತ ಕಪ್ಪು. ಎಲ್ಲರ ಕೈಯಲ್ಲೂ ದಪ್ಪ ದಪ್ಪ ಫೈಲು! ಒಬ್ಬಳು ಫೋನಿನಲ್ಲಿ, "ಅಮ್ಮಾ, ಇಂಕಾ ಎನ್ನಿ ರೋಜುಲು?" ಎಂದು ಬಿಕ್ಕುತ್ತಿದ್ದಳು. ಇನ್ನೂ ಎಷ್ಟು ದಿನವಮ್ಮಾ ಎಂದು ಅಳುವ ಆ ಮಗುವನ್ನು ಕಂಡು ನನ್ನ ಕಪ್ಪು ಕನ್ನಡಕದೊಳಗೆ ನೀರು ತುಂಬಿತು. ದೇವರೇ! ಎಳೆಯ ಮಕ್ಕಳಿಗೂ ಬರುವ ರೋಗವೇ? ಇಂಥ ದೊಡ್ಡ ಆಸ್ಪತ್ರೆಯೇ? ನನ್ನ ವಿಶಾಲಾಕ್ಷಿ ದಿನವಿಡೀ ಒಬ್ಬಳೇ ಒಳಗಿರುತ್ತಾಳೆಯೇ?

ಶುಕ್ರವಾರವೂ ನಿಂತೆ. ಹೊರಬಂದ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿ, ಕಾಯಿಲೆ ಯಾವುದಿರಬಹುದೆಂದು ಲೆಕ್ಕ ಹಾಕಿದೆ. ಹನ್ನೊಂದು ಚಹಾ, ಆರು ಉಸ್ಮಾನಿಯಾ ಬಿಸ್ಕತ್ತು. ಶನಿವಾರ ಧೈರ್ಯ ಮಾಡಿ ಕಾಂಪೌಂಡಿನ ಪಕ್ಕ ಹೋಗಿ, ಇಟ್ಟಿಗೆಯ ಮೇಲೆ ನಿಂತು ಕಿಟಕಿಯಲ್ಲಿ ಇಣುಕಿದೆ. ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದರು!

"ಕ್ಯಾ ಚಾಚಾ, ತೀನ್ ದಿನ್ ಸೇ ಕಿಸ್ಕು ದೇಖ್ ರೈ?"

ಮೂರು ದಿನದಿಂದ ಯಾರನ್ನು ನೋಡುತ್ತಿದ್ದೀಯೆಂದು ಕೇಳಿದವನು ಖಾಕಿ ಅಂಗಿಯ ಕಾವಲುಗಾರ. "ಅಯ್ಯೋ, ಬಿಡಪ್ಪಾ!" ಎಂದು ಬಾಯಿಗೆ ಬಂದದ್ದು ಕನ್ನಡ. ಆತನ ಕಣ್ಣರಳಿತು.

"ಕನ್ನಡದಾಂವೇನು? ಥೂ, ನಮ್ಮ ಮಂದಿ ಮರ್ಯಾದಿ ಕಳದ್ಯಲ್ಲೋ ಮುದುಕಪ್ಪ! ನಾ ರಾಯಚೂರು ದ್ಯಾವಪ್ಪ ಅದೀನಿ. ಹೆಣ್ಣುಹುಡುಗ್ಯಾರ ಹಾಸ್ಟೆಲಿನ್ಯಾಗ ಇಣುಕತಿ? ನಡಿ ವಾರ್ಡನ್ ಮೇಡಮ್ಮರ ಹತ್ರ!"

ಹಾಸ್ಟೆಲ್ಲೇ! ನನ್ನ ತಲೆ ಗಿರ್ರೆಂದಿತು. ದರದರ ಎಳೆದೊಯ್ದ. ಒಳಗೆ ಇಪ್ಪತ್ತು ಹುಡುಗಿಯರು ಸುತ್ತುವರಿದು "ಈಯನೇ ಮೇಡಂ! ಈಯನೇ!" ಎಂದು ಬೆರಳು ತೋರಿಸಿದರು. ದ್ಯಾವಪ್ಪ ಮಂಕಿ ಕ್ಯಾಪನ್ನು ಸರ್ರನೆ ಕಿತ್ತ. ಮೇಜಿನಾಚೆ, ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ವಾರ್ಡನ್ ಕುರ್ಚಿಯಲ್ಲಿ ಕುಳಿತಿದ್ದವಳು ನನ್ನ ಹೆಂಡತಿ!

ನನಗೆ ಹಾಸ್ಟೆಲ್ಲೂ ತಿಳಿಯಲಿಲ್ಲ, ಕುರ್ಚಿಯೂ ತಿಳಿಯಲಿಲ್ಲ. ನಾಲ್ಕು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು.

"ವಿಶಾಲಾಕ್ಷಿ! ರಸೀದಿ ನೋಡೀನಿ ನಾನು, ರಕ್ತದ್ದು, ಎಕ್ಸ್‌ರೇದ್ದು! ಏನಾಗೈತಿ ನಿನಗ? ಎಷ್ಟ್ ದೊಡ್ಡ ರೋಗ ಇದ್ರೂ ಹೇಳು, ಮನಿ ಮಾರಿ ತೋರಸ್ತೀನಿ! ನನ್ನ ಬಿಟ್ಟು ಹೋಗಬ್ಯಾಡ!" ಎಂದು ಇಪ್ಪತ್ತು ಹುಡುಗಿಯರ ಮುಂದೆ ಗೊಳೋ ಎಂದು ಅತ್ತೆ.

ಬೆರಳು ತೋರಿಸಿದ್ದ ಹುಡುಗಿಯರು ಕೈ ಇಳಿಸಿದರು. ದ್ಯಾವಪ್ಪನ ಕೈ ನನ್ನ ಕೊರಳಪಟ್ಟಿಯಿಂದ ತಾನಾಗಿ ಸಡಿಲಾಯಿತು. ವಿಶಾಲಾಕ್ಷಿ ಎದ್ದು ಬಂದಳು. ಆಕೆಯ ಕಣ್ಣೂ ಒದ್ದೆಯಾಗಿತ್ತು, ಆದರೆ ದನಿ ವಾರ್ಡನ್ನಿನದೇ.

"ನನಗ್ಯಾವ ರೋಗಾನೂ ಇಲ್ಲ. ನೌಕರಿಗೆ ಸೇರಬೇಕಂದ್ರ ಮೆಡಿಕಲ್ ಸರ್ಟಿಫಿಕೇಟ್ ಕೇಳಿದ್ರು, ಅದರದು ಆ ರಸೀದಿ. ಲಕೋಟ್ಯಾಗ ಇದ್ದದ್ದು ನನ್ನ ಬಿ.ಎ. ಸರ್ಟಿಫಿಕೇಟು. ಮೂರು ತಿಂಗಳು ನೋಡಿ ಕಾಯಂ ಮಾಡ್ತಾರ."

"ನೌಕರೀನ? ಈ ವಯಸ್ಸಿನ್ಯಾಗ? ಯಾಕ?"

"ಮತ್ತೇನ್ರಿ! ನೀವು ಮನ್ಯಾಗ ಕುಂತು ಕುಕ್ಕರ್ ಸೀಟಿ ಎಣಸಾಕತ್ರ ನಾ ಎಲ್ಲಿಗೆ ಹೋಗಲಿ? ಇಬ್ಬರೊಳಗ ಒಬ್ಬರರ ಹೊರಗ ಇರಬೇಕಲ್ಲ!" ಹುಡುಗಿಯರ ಕಡೆ ತಿರುಗಿ, ತೆಲುಗಿನಲ್ಲಿ, ಇವರು ನನ್ನ ಯಜಮಾನರು, ಕೆಲಸ ಬಿಟ್ಟು ಮನೆಯಲ್ಲಿದ್ದಾರೆ ಎಂದಳು. ಇಪ್ಪತ್ತು ಬಾಯಿಗಳಿಂದ "ಅಯ್ಯೋ ಪಾಪಂ!" ಎಂಬ ಉದ್ಗಾರ ಹೊರಟಿತು. ಪಾಪ ಯಾರಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗುರುವಾರ ಫೋನಿನಲ್ಲಿ ಬಿಕ್ಕುತ್ತಿದ್ದ ಹುಡುಗಿಯೇ ಒಂದು ಲೋಟ ನೀರು ತಂದುಕೊಟ್ಟಳು. ಆಕೆಯ ರೋಗದ ಹೆಸರು ಪ್ರವೇಶ ಪರೀಕ್ಷೆ.

ನೀರು ಕುಡಿದು ಮುಖ ಒರೆಸಿಕೊಳ್ಳುತ್ತಿರುವಾಗ ವಿಶಾಲಾಕ್ಷಿ ತನ್ನ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ನಾನು! ಮಂಕಿ ಕ್ಯಾಪ್, ಕಪ್ಪು ಕನ್ನಡಕ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಮೇಲೆ ಕೆಂಪಕ್ಷರದಲ್ಲಿ, ಈ ಮನುಷ್ಯನಿಂದ ಎಚ್ಚರಿಕೆ ಎಂದು ಬರೆದಿತ್ತು. ನಿನ್ನೆ ಮಧ್ಯಾಹ್ನ ಯಾರೋ ತೆಗೆದದ್ದು. ಹಾಸ್ಟೆಲಿನ ಗ್ರೂಪಿನಿಂದ ಪಕ್ಕದ ಹಾಸ್ಟೆಲಿಗೆ, ಅಲ್ಲಿಂದ ಇಡೀ ನಾರಾಯಣಗೂಡಕ್ಕೆ ಹೋಗಿತ್ತು.

"ಹಂಗಾದ್ರ ನಿನ್ನೆ ಸಂಜಿ ನನಗ ರೊಟ್ಟಿ ಬಡಸುವಾಗ..."

"ಗೊತ್ತಿತ್ತು. ಆ ಬಿಸ್ಕತ್ ಹಿಡಿಯೂದು ನೋಡಿದ ಕೂಡ್ಲೇ ಗುರುತು ಹಿಡದೆ."

"ಅಲ್ಲಾ ಮಾರಾಯ್ತಿ, ಇಷ್ಟ ಮಂದಿ ಮುಂದ ನನ್ನ ಮಾನ ಹೋತಲ್ಲ! ನಿನ್ನೇನ ಒಂದು ಮಾತು ನನಗ ಹೇಳಬಾರದಿತ್ತೇನು?"

"ಹೆಂಗ ಹೇಳಲ್ರಿ?" ಎಂದಳು ನನ್ನ ಧರ್ಮಪತ್ನಿ, ಬೀಗದಕೈ ಗೊಂಚಲು ಸರಿಪಡಿಸಿಕೊಳ್ಳುತ್ತಾ. "ಅದು ಗ್ರೂಪಿನ್ಯಾಗ ಬಂದಿತ್ತು!"