ಜರಿಗಿಡಕ್ಕೊಂದು ನುಣುಪು ಹಲಗೆ

ಕೆಲವರಿಗೆ ಬಾಯಿಯೇ ಶತ್ರು, ಕೆಲವರಿಗೆ ಹೊಟ್ಟೆ. ನನಗೆ ನನ್ನ ಬಲಗೈ ಹೆಬ್ಬೆರಳು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ತಯಾರಾದ ಭಾಗಗಳ ಮೇಲೆ ಹೆಬ್ಬೆರಳಾಡಿಸುವುದು, ಎಲ್ಲಾದರೂ ತರಿತರಿ ಸಿಕ್ಕರೆ ‘ರಿಜೆಕ್ಟ್’ ಅನ್ನುವುದು. ನಾನು ನಿವೃತ್ತನಾದ ಸುದ್ದಿ ಬೆರಳಿಗೆ ಇನ್ನೂ ಮುಟ್ಟಿಲ್ಲ. ಮದುವೆಮನೆಯಲ್ಲೂ ಊಟದ ಮೇಜಿನ ಅಂಚು ಸವರಿ ಮುಖ ಸಿಂಡರಿಸುತ್ತೇನೆ.

ನನ್ನ ಹೆಂಡತಿ ಗಿರಿಜೆ ನಾಲ್ಕು ವರ್ಷದಿಂದ ಮಗುವಿನಂತೆ ಸಾಕಿದ ಒಂದು ಜರಿಗಿಡವಿದೆ. ಕಾಡಿನಲ್ಲಿ ಮರದ ಕಾಂಡಕ್ಕೆ ಕಚ್ಚಿಕೊಂಡು ಬೆಳೆಯುವ ಜಾತಿ. ಎಲೆಗಳು ಥೇಟ್ ಜಿಂಕೆಕೊಂಬು. ಯಲಹಂಕದ ನಮ್ಮ ಬಡಾವಣೆಯಲ್ಲಿ ಗಿಡಗಳ ಪ್ರದರ್ಶನ ಗೊತ್ತಾಯಿತು. ಹಲಗೆಗೆ ಕಟ್ಟಿ ತೂಗುಹಾಕಿದರೆ ಚೆಂದ ಅಂದಳು. “ಅಂಗಡೀಲಿ ಯಾಕೆ, ನಾನಿಲ್ವಾ?” ಅಂದೆ. ಅಲ್ಲಿಂದ ಶುರುವಾಯಿತು ಗ್ರಹಚಾರ.

ರಾಜಾನುಕುಂಟೆಯ ಸಾಮಿಲ್ಲಿನಿಂದ ಹಲಸಿನ ಹಲಗೆ ತಂದೆ. ಕೊಯ್ಯುವಾಗ ಅಡಿಗಿಟ್ಟುಕೊಳ್ಳಲೆಂದು ಮಾಲೀಕ ಮುನಿಯಪ್ಪ ತೊಗಟೆ ಸಮೇತ ಒಂದು ಒರಟು ಹಲಗೆಯನ್ನೂ ಕೊಟ್ಟ. ಎರಡು ವಾರ ಉಜ್ಜಿದೆ, ಅಂಚಿಗೆ ಕಮಾನು ಕೊರೆದೆ, ಮೂರು ಕೋಟು ವಾರ್ನಿಷ್ ಬಳಿದೆ. ಮನೆತುಂಬ ಮರದ ಪುಡಿ. ಸಾರಿಗೂ ಹಲಸಿನ ವಾಸನೆ. ನೊಣ ಕೂತರೆ ಜಾರಿ ಸೊಂಟ ಮುರಿದುಕೊಳ್ಳಬೇಕು, ಹಾಗಿತ್ತು ಹೊಳಪು. ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಗಿಡ ಕಟ್ಟಿ, ಗೋಡೆಗೆ ಹಾಕಿ, ಇಬ್ಬರೂ ಹಿಂದೆ ಸರಿದು ನಿಂತೆವು. ಗಿಡ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಜಾರತೊಡಗಿತು. ದಾರದಿಂದ ನುಸುಳಿ ಧೊಪ್ಪನೆ ಬಿತ್ತು. ಒಂದು ಕೊಂಬು ಮುರಿಯಿತು. ಗಿರಿಜೆ ಮುರಿದ ಎಲೆಯನ್ನು ಸೆರಗಿನಲ್ಲಿಟ್ಟುಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಹಲಗೆಯನ್ನು ಕಂಕುಳಲ್ಲಿಟ್ಟು ಸಾಮಿಲ್ಲಿಗೆ ಓಡಿದೆ. ಮುನಿಯಪ್ಪ ಅದನ್ನು ಬಿಸಿಲಿಗೆ ಹಿಡಿದ. “ಏನ್ ಸಾ, ಇದ್ರಾಗೆ ಮೊಕ ನೋಡ್ಕಂಡು ಗಡ್ಡ ಕೆರ್ಕೋಬೋದು! ಇಂಗ್ ನುಣ್ಣಗ್ ಮಾಡಿದ್ರೆ ಬೇರು ಎಲ್ಲಿ ಇಡ್ಕಂತದೆ? ಅದ್ಕೆ ತರಿತರಿ ಬೇಕು.”

ತರಿತರಿ! ಮೂವತ್ತು ವರ್ಷ ನಾನು ಬೇಟೆಯಾಡಿದ ಪ್ರಾಣಿ.

ಮನೆಗೆ ಬಂದರೆ ಗಿಡ ಆಗಲೇ ಗೋಡೆಯ ಮೇಲಿದೆ. ಅಡಿಗಿಟ್ಟುಕೊಂಡಿದ್ದ ಆ ಒರಟು ಹಲಗೆಗೇ, ನನ್ನ ಗರಗಸದ ಗಾಯ, ತಪ್ಪು ಮೊಳೆಯ ತೂತುಗಳ ಸಮೇತ, ಗಿರಿಜೆ ಬಿಗಿದು ಕಟ್ಟಿದ್ದಾಳೆ. ಎಳೆದು ನೋಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಪ್ರದರ್ಶನದಲ್ಲಿ ಜನ ಗಿಡದಷ್ಟೇ ಹಲಗೆಯನ್ನೂ ಹೊಗಳಿದರು. ಪಕ್ಕದ ಮನೆಯ ಶಾರದಮ್ಮ, “ಏನ್ ಕಲೆ ಕಣ್ರೀ! ಒಂದೊಂದ್ ಗೀರೂ ಬೇಕಂತ್ಲೇ ಹಾಕಿದ್ದೀರಲ್ಲ! ನಮಗೂ ಇಂಥದ್ದೇ ಒಂದು ಮಾಡ್ಕೊಡಿ” ಅಂದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ, “ಮಾಡ್ತಾರೆ, ಖಾಲಿ ಕೂತಿದ್ದಾರೆ” ಅಂದುಬಿಟ್ಟಳು.

ವಾರವಾಯಿತು. ಶಾರದಮ್ಮನವರ ಹಲಗೆಗೆ ಉಳಿ ಹಿಡಿದು ಕಷ್ಟಪಟ್ಟು ಗೀರು ಹಾಕುತ್ತೇನೆ; ನನಗರಿವಿಲ್ಲದೆ ಉಪ್ಪುಕಾಗದ ಹಿಡಿದು ಅದನ್ನು ಉಜ್ಜಿಯೂ ಬಿಟ್ಟಿರುತ್ತೇನೆ. ನಿನ್ನೆ ಗಿರಿಜೆ ಕಾಫಿ ಲೋಟ ಪಕ್ಕಕ್ಕಿಟ್ಟು, ಹಲಗೆಯ ಮೇಲೆ ನಿಧಾನವಾಗಿ ಹೆಬ್ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ನುಣ್ಣಗಿದೆ ಕಣ್ರೀ,” ಅಂದಳು. “ರಿಜೆಕ್ಟ್.”